ಆಟಕ್ಕೂ ಉಂಟು, ಲೆಕ್ಕಕ್ಕೂ ಉಂಟು

‘ಆಟಕ್ಕುಂಟು ಲೆಕ್ಕಕ್ಕಿಲ್ಲ’ ಅನ್ನೋ ಮಾತನ್ನು ನಾವು ಈಗ ಬಳಸೋದು ಹೆಚ್ಚಾಗಿ ಆಫೀಸಿನ ಮೀಟಿಂಗುಗಳ ಬಗ್ಗೆ ಗೊಣಗುವಾಗ. ಕ್ಯಾಲೆಂಡರ್ ಇನ್ವೈಟ್‌ನಲ್ಲಿ ಹೆಸರಿರುತ್ತೆ, ನಿರ್ಧಾರದಲ್ಲಿ ಇರೋದಿಲ್ಲ. ಆದರೆ ಆ ಮಾತಿನ ನಿಜವಾದ ಜಾಗ ಮಕ್ಕಳ ಆಟ. ಹತ್ತು-ಹನ್ನೆರಡು ವರ್ಷದವರು ಲಗೋರಿ ಆಡೋಕೆ ಸೇರಿದರೆ ಹಿಂದೆಯೇ ಐದು ವರ್ಷದ ತಮ್ಮನೋ ತಂಗಿಯೋ ಬಂದೇ ಬರುತ್ತೆ. ಓಡಿಸಿದರೆ ಅಳುತ್ತೆ, ಮನೆಯಲ್ಲಿ ಬೈಗುಳ ತಿನ್ನೋದು ದೊಡ್ಡವರು. ಸೇರಿಸಿಕೊಂಡರೆ ಆ ಮಗು ಇರೋ ತಂಡ ಸೋಲುತ್ತೆ. ಆಗ ಯಾರೋ ಒಬ್ಬ ತೀರ್ಪು ಕೊಡ್ತಾನೆ: ಬರಲಿ ಬಿಡು, ಇವನು ಆಟಕ್ಕುಂಟು ಲೆಕ್ಕಕ್ಕಿಲ್ಲ. ಅವನು ಓಡಬಹುದು, ಕೂಗಬಹುದು, ಚೆಂಡು ಹಿಡಿಯಬಹುದು. ಔಟ್ ಆದರೆ ಔಟ್ ಅಲ್ಲ. ಗೆದ್ದರೆ ಗೆಲುವೂ ಅಲ್ಲ.

ಮೊದಮೊದಲು ಮಗುವಿಗೆ ಇದು ಗೊತ್ತಾಗಲ್ಲ. ಆದರೆ ಬಹಳ ದಿನ ಮುಚ್ಚಿಡೋಕೂ ಆಗಲ್ಲ. ತಾನು ಔಟಾದಾಗ ಯಾರೂ ಕುಣಿಯಲಿಲ್ಲ ಅನ್ನೋದು ಅದಕ್ಕೆ ತಿಳಿದುಬಿಡುತ್ತೆ. ಅಲ್ಲಿಂದ ಮುಂದೆ ಅದರ ಹಟ ಬೇರೆ ಥರ: ನನ್ನನ್ನೂ ಲೆಕ್ಕಕ್ಕೆ ತಗೊಳ್ಳಿ.

ಒಂದೇ ಬಲ ಇಲ್ಲದವರು ಒಂದೇ ಆಟವನ್ನು ಆಡೋದು ಹೇಗೆ? ಬೇರೆ ಬೇರೆ ಆಡಿಸಬಹುದು. ಸುಮ್ಮನೆ ಸೇರಿಸಿಕೊಂಡು ಲೆಕ್ಕದಿಂದ ಹೊರಗಿಡಬಹುದು. ಇಲ್ಲವಾದರೆ ಆಟದ ನಿಯಮವನ್ನೇ ಬದಲಿಸಬೇಕು. ಈ ಮೂರನೇ ದಾರಿಯನ್ನು ತುಂಬಾ ಜಾಣತನದಿಂದ ಹಿಡಿದದ್ದು ನನಗೆ ಗೊತ್ತಿರೋ ಹಾಗೆ ಒಂದು ವಿಡಿಯೋ ಗೇಮ್. ಮಾರಿಯೋ ಕಾರ್ಟ್.

ಜಪಾನಿನ ನಿಂಟೆಂಡೊ ಕಂಪನಿಯ ‘ಸೂಪರ್ ಮಾರಿಯೋ ಕಾರ್ಟ್’ ಬಂದಿದ್ದು 1992ರಲ್ಲಿ. ಅದಕ್ಕೆ ಎರಡು ವರ್ಷ ಮೊದಲು ಅವರದ್ದೇ ‘ಎಫ್-ಝೀರೋ’ ಅನ್ನೋ ರೇಸಿಂಗ್ ಗೇಮ್ ಇತ್ತು. ಅದರಲ್ಲಿ ವೇಗ ಇತ್ತು, ಆದರೆ ಒಬ್ಬರೇ ಆಡಬೇಕು. ಇಬ್ಬರು ಪಕ್ಕಪಕ್ಕ ಕೂತು ಆಡೋ ರೇಸ್ ಮಾಡೋಣ ಅಂತ ಹೊರಟ ಪ್ರಯೋಗ ಮಾರಿಯೋ ಕಾರ್ಟ್ ಆಯ್ತು. 1996ರ ಡಿಸೆಂಬರ್‌ನಲ್ಲಿ ಜಪಾನಿನಲ್ಲಿ ಬಿಡುಗಡೆಯಾದ ‘ಮಾರಿಯೋ ಕಾರ್ಟ್ 64’ರಲ್ಲಿ ಒಂದೇ ಟಿವಿಯನ್ನು ನಾಲ್ಕು ಭಾಗ ಮಾಡಿಕೊಂಡು ನಾಲ್ವರು ಆಡಬಹುದಿತ್ತು. ಪುಟ್ಟ ಗಾಡಿಗಳು, ಎಂಟು ಓಟಗಾರರು, ಮೂರು ಸುತ್ತು, ಹದಿನಾರು ರಸ್ತೆ. ಆಟ ಅಷ್ಟೇ.

ನಾನು ಅದನ್ನು ಆಡಿದ್ದು ಅದು ಹಳತಾಗಿ ಹೋದ ಎಷ್ಟೋ ವರ್ಷದ ಮೇಲೆ, ಬಿಇ ಓದುವಾಗ, ದಾವಣಗೆರೆಯ ಹಾಸ್ಟೆಲ್ ರೂಮಿನಲ್ಲಿ. ನಾಲ್ಕು ಜನ ದುಡ್ಡು ಹಾಕಿ ಕೊಂಡ ಸೆಕೆಂಡ್ ಹ್ಯಾಂಡ್ ಕಂಪ್ಯೂಟರ್, ಅದರಲ್ಲೊಂದು ಎಮ್ಯುಲೇಟರ್. ಒಂದೇ ಕೀಬೋರ್ಡಿನ ಎಡಗಡೆ ಒಬ್ಬ, ಬಲಗಡೆ ಒಬ್ಬ. ಇಬ್ಬರೂ ಒಟ್ಟಿಗೆ ಜಾಸ್ತಿ ಕೀ ಒತ್ತಿದರೆ ಕೀಬೋರ್ಡು ಯಾರದ್ದಾದರೂ ಒಂದನ್ನು ನುಂಗಿಬಿಡೋದು. ಜಗಳ ಅಲ್ಲಿಂದ ಶುರು. ಈಗ ನಿಂಟೆಂಡೊ ಸ್ವಿಚ್‌ನ ಚಂದಾ ಕಟ್ಟಿದರೆ ಆ ಹಳೇ ಗೇಮ್ ಸಿಗುತ್ತೆ. ಬೇಸಿಗೆ ರಜೆಗೆ ಏಳು ವರ್ಷದ ಅಕ್ಕನ ಮಗಳು ಬೆಂಗಳೂರಿಗೆ ಬಂದಿದ್ದಳು. ಅವಳ ನೆಪದಲ್ಲಿ ಹದಿನೈದು ವರ್ಷದ ಮೇಲೆ ಮತ್ತೆ ಆಡಿದೆ. 64ನ್ನೂ ಆಡಿದೆವು, 2017ರ ‘ಮಾರಿಯೋ ಕಾರ್ಟ್ 8 ಡಿಲಕ್ಸ್’ನ್ನೂ ಆಡಿದೆವು. ಆಗ ಗೆಲ್ಲೋದಷ್ಟೇ ಕಾಣ್ತಿತ್ತು. ಈಗ ಹತ್ತು ವರ್ಷ ಕೋಡ್ ಬರೆದ ಕಣ್ಣಿಗೆ ನಿಯಮಗಳು ಕಾಣೋಕೆ ಶುರುವಾದವು.

ಆಡದವರಿಗೆ ಸ್ವಲ್ಪ ವಿವರಿಸಬೇಕು. ರಸ್ತೆಯ ಮೇಲೆ ಅಲ್ಲಲ್ಲಿ ಬಣ್ಣದ ಪೆಟ್ಟಿಗೆಗಳು ತೇಲ್ತಾ ಇರುತ್ತವೆ. ಹಾದುಹೋದರೆ ಒಂದು ವಸ್ತು ಸಿಗುತ್ತೆ. ಲಾಟರಿ ಥರ ಕಾಣುತ್ತೆ, ಆದರೆ ಶುದ್ಧ ಲಾಟರಿ ಅಲ್ಲ. ಏನು ಸಿಗುತ್ತೆ ಅನ್ನೋದು ನೀವು ಎಷ್ಟನೇ ಜಾಗದಲ್ಲಿದ್ದೀರಿ ಅನ್ನೋದರ ಮೇಲೆ ನಿಂತಿದೆ. ಮುಂದಿರುವವನಿಗೆ ಬಾಳೆಹಣ್ಣಿನ ಸಿಪ್ಪೆ, ಹಸಿರು ಚಿಪ್ಪಿನಂಥ ಸಣ್ಣಪುಟ್ಟದ್ದು. ಹಿಂದುಳಿದವನಿಗೆ ವೇಗ ಕೊಡೋ ಅಣಬೆ, ಯಾರು ಹೊಡೆದರೂ ತಾಗದ ನಕ್ಷತ್ರ, ಎಲ್ಲರನ್ನೂ ಒಂದೇ ಏಟಿಗೆ ಕುಗ್ಗಿಸೋ ಮಿಂಚು. ಇವುಗಳ ಜೊತೆಗೆ 64ರಲ್ಲಿ ಮೊದಲ ಸಲ ಬಂದಿದ್ದು ಮುಳ್ಳಿನ ನೀಲಿ ಚಿಪ್ಪು. ಹಿಂದಿರುವವನು ಬಿಟ್ಟರೆ ಅದು ರಸ್ತೆ ಹಿಡಿದು ಹೋಗಿ ಮೊದಲನೇ ಸ್ಥಾನದಲ್ಲಿ ಇರುವವನನ್ನೇ ಹುಡುಕಿ ಹೊಡೆಯುತ್ತೆ.

ಇದರಿಂದ ಏಳು ವರ್ಷದವಳು ಮೂವತ್ತಾರು ವರ್ಷದ ಮಾವನ ಜೊತೆ ಆಡಿದರೂ ಕೊನೇ ಸುತ್ತಿನವರೆಗೆ ಆಟ ಜೀವಂತ ಇರುತ್ತೆ. ನಾನು ಬೇಕಂತಲೇ ಸೋಲಬೇಕಾಗಿಲ್ಲ. ಮಕ್ಕಳಿಗೆ ಬೇಕಂತಲೇ ಸೋತಿದ್ದು ತಕ್ಷಣ ತಿಳಿಯುತ್ತೆ. ಅದೂ ಒಂದು ಥರದ ‘ಲೆಕ್ಕಕ್ಕಿಲ್ಲ’ವೇ. ಇಲ್ಲಿ ನಾನು ಪೂರ್ತಿ ಆಡ್ತೀನಿ, ಅವಳೂ ಪೂರ್ತಿ ಆಡ್ತಾಳೆ, ಸಹಾಯ ಮಾಡೋದು ನಿಯಮ. ಅವಳು ಗೆದ್ದರೆ ಅದು ಗೆಲುವು ಅಂತಲೇ ಪರದೆಯ ಮೇಲೆ ಬರುತ್ತೆ.

ಇದು ಅನ್ಯಾಯ ಅನ್ನೋರಿದ್ದಾರೆ. ಅವರ ವಾದ ಸುಲಭಕ್ಕೆ ತಳ್ಳಿಹಾಕುವಂಥದ್ದಲ್ಲ. ಮೂರು ಸುತ್ತು ಒಂದೂ ತಪ್ಪಿಲ್ಲದೆ ಓಡಿಸಿ, ಗೆರೆ ಇನ್ನೇನು ಬಂತು ಅನ್ನುವಾಗ ನೀಲಿ ಚಿಪ್ಪು ಬಂದು ಬಿದ್ದರೆ ಯಾರಿಗಾದರೂ ಉರಿಯುತ್ತೆ. ನಮ್ಮ ಟೀಮಿನಲ್ಲಿ ಊಟದ ಹೊತ್ತಿಗೆ ಇದರ ಮಾತು ಬಂದಾಗ ಒಬ್ಬ ಗೆಳೆಯ ಹೇಳಿದ: “ಇದು ನಮ್ಮ ದೇಶದ ರಿಸರ್ವೇಶನ್ ಥರಾನೇ ಕಣೋ. ಚೆನ್ನಾಗಿ ಓಡಿಸಿದವನಿಗೇ ಹೊಡೆತ.” ಮೇಜಿನ ಸುತ್ತ ಇದ್ದವರು ನಕ್ಕರು. ಹೋಲಿಕೆ ಅಷ್ಟು ಸಲೀಸಾಗಿ ಬಂತಲ್ಲ, ಸರಿಯಾಗಿದೆಯಾ ಅಂತ ನಾನು ಆಮೇಲೂ ಯೋಚಿಸ್ತಾ ಇದ್ದೆ.

ಮೊದಲು ಅಣಬೆ ಮತ್ತು ನೀಲಿ ಚಿಪ್ಪನ್ನು ಬೇರೆ ಮಾಡಬೇಕು. ಅಣಬೆ ಹಿಂದಿರುವವನನ್ನು ಮುಂದಕ್ಕೆ ತಳ್ಳುತ್ತೆ, ಮುಂದಿರುವವನಿಂದ ಏನನ್ನೂ ಕಿತ್ತುಕೊಳ್ಳಲ್ಲ. ನೀಲಿ ಚಿಪ್ಪು ಮುಂದಿರುವವನನ್ನು ಹಿಂದಕ್ಕೆ ಎಳೆಯುತ್ತೆ. ಆಡುವಾಗ ಗಮನಿಸಿ ನೋಡಿ: ಏಳನೇ ಜಾಗದವನು ಚಿಪ್ಪು ಬಿಡ್ತಾನೆ, ಮೊದಲನೆಯವನು ಮೇಲಕ್ಕೆ ಹಾರಿ ಬೀಳ್ತಾನೆ, ಲಾಭ ಆಗೋದು ಯಾರಿಗೆ? ಎರಡನೇ ಜಾಗದಲ್ಲಿ ಇರುವವನಿಗೆ. ಬಿಟ್ಟವನು ಏಳನೇ ಜಾಗದಲ್ಲೇ ಇರ್ತಾನೆ. ಕೆಳಗಿರುವವರ ಹೆಸರಿನಲ್ಲಿ ನಡೆಯೋ ಎಷ್ಟೋ ಕೆಲಸಗಳು ಹೀಗೇ ಎರಡನೆಯವರಿಗೆ ದಕ್ಕೋದನ್ನು ನಾವೆಲ್ಲ ನೋಡಿದ್ದೀವಿ.

ಬ್ರಿಟಿಷ್ ತತ್ವಜ್ಞಾನಿ ಡೆರೆಕ್ ಪಾರ್ಫಿಟ್ 1991ರ ಒಂದು ಉಪನ್ಯಾಸದಲ್ಲಿ ಇದೇ ವ್ಯತ್ಯಾಸವನ್ನು ಹಿಡಿದಿದ್ದರು. ಸಮಾನತೆಯೇ ಸ್ವತಃ ಒಳ್ಳೆಯದು ಅನ್ನುವುದಾದರೆ, ಯಾರಿಗೂ ಲಾಭವಿಲ್ಲದಿದ್ದರೂ ಮೇಲಿರುವವರನ್ನು ಕೆಳಕ್ಕೆ ಇಳಿಸೋದನ್ನು ಒಂದು ಲೆಕ್ಕದಲ್ಲಿ ಒಳ್ಳೆಯದು ಅಂತ ಒಪ್ಪಬೇಕಾಗುತ್ತೆ. ಕಣ್ಣಿದ್ದವರೂ ಕುರುಡರಾದರೆ ಎಲ್ಲರೂ ಸಮ. ಇದು ವಿಚಿತ್ರ ಅಲ್ವಾ? ಹಾಗಾಗಿ ಅವರು ಇನ್ನೊಂದು ನಿಲುವನ್ನು ಮುಂದಿಟ್ಟರು: ಸಮ ಮಾಡೋದು ಗುರಿಯಲ್ಲ, ಹೆಚ್ಚು ಕಷ್ಟದಲ್ಲಿ ಇರುವವರಿಗೆ ಮೊದಲು ಒಳಿತಾಗಬೇಕು. ನಮ್ಮ ಗೇಮಿನ ಭಾಷೆಯಲ್ಲಿ ಹೇಳೋದಾದರೆ ಅಣಬೆಯ ಪರ ನಿಲ್ಲೋಕೆ ನೀಲಿ ಚಿಪ್ಪಿನ ಪರ ನಿಲ್ಲಬೇಕಾಗಿಲ್ಲ.

ಆದರೆ ಗೆಳೆಯನಿಗೆ ಇಷ್ಟು ಉತ್ತರ ಸಾಲದು. ಕಾಲೇಜಿನಲ್ಲಿ ಸೀಟುಗಳು ಇಂತಿಷ್ಟೇ. ಒಬ್ಬರಿಗೆ ಅಣಬೆ ಕೊಟ್ಟರೆ ಇನ್ನೊಬ್ಬರು ಒಂದು ಜಾಗ ಹಿಂದೆ ಹೋಗೋದು ನಿಜ. ಅದನ್ನು ಮುಚ್ಚಿಟ್ಟು ಮಾತಾಡಬಾರದು. ಹಾಗಾದರೆ ಆ ಅಣಬೆಗೆ ಕಾರಣ ಬಲವಾಗಿದೆಯಾ ಅಂತ ಕೇಳಬೇಕು.

ಇಲ್ಲಿ ಗೇಮಿಗೂ ಬದುಕಿಗೂ ಇರೋ ವ್ಯತ್ಯಾಸ ನೋಡಿ. ಮಾರಿಯೋ ಕಾರ್ಟ್‌ನಲ್ಲಿ ಎಲ್ಲರೂ ಹೊರಡೋದು ಒಂದೇ ಗೆರೆಯ ಹತ್ತಿರದಿಂದ, ಒಂದೇ ದೀಪಕ್ಕೆ. ಹಿಂದುಳಿದರೆ ಅದು ಆ ಎರಡು-ಮೂರು ನಿಮಿಷದಲ್ಲಿ ನೀವು ಮಾಡಿದ್ದರಿಂದ. ರೇಸ್ ಮುಗಿದ ಮೇಲೆ ಅಂಕ ಉಳಿಯುತ್ತೆ, ಆದರೆ ಮುಂದಿನ ರೇಸಿಗೆ ಹೋದ ರೇಸಿನ ದೂರ ಸೇರಲ್ಲ. ಮತ್ತೆ ಎಲ್ಲರೂ ಗೆರೆಗೆ ಬರ್ತಾರೆ. ಅಂದರೆ ಹಿಂದಿನವರಿಗೆ ಸಹಾಯ ಮಾಡೋಕೆ ಅಲ್ಲಿ ನ್ಯಾಯದ ಕಾರಣ ಹೆಚ್ಚೇನೂ ಇಲ್ಲ. ಆಟ ಎಲ್ಲರಿಗೂ ಮಜಾ ಕೊಡಲಿ ಅನ್ನೋದು ಒಂದೇ ಕಾರಣ. ಅಷ್ಟಕ್ಕೇ ನಾವು ಒಪ್ಪಿಕೊಂಡು, ನಗ್ತಾ ಆಡ್ತೀವಿ. ಡಿಲಕ್ಸ್ ಒಂದೇ ಆರು ಕೋಟಿಗೂ ಹೆಚ್ಚು ಪ್ರತಿ ಮಾರಾಟವಾಗಿದೆ.

ಬದುಕಿನಲ್ಲಿ ಗೆರೆ ಒಂದೇ ಅಲ್ಲ. ಅಪ್ಪ ಎಲ್ಲಿ ನಿಲ್ಲಿಸಿದನೋ ಮಗ ಅಲ್ಲಿಂದ ಹೊರಡ್ತಾನೆ, ಅಜ್ಜ ಎಲ್ಲಿ ನಿಲ್ಲಿಸಿದ್ದನೋ ಅಪ್ಪ ಅಲ್ಲಿಂದ ಹೊರಟಿದ್ದ. ಮೂರು ಸುತ್ತಿನ ಕೊನೆಗೆ ಯಾರೂ ಬಂದು ಎಲ್ಲರನ್ನೂ ಸಾಲಾಗಿ ನಿಲ್ಲಿಸಲ್ಲ. ಸಹಾಯಕ್ಕೆ ಕಾರಣ ಇಲ್ಲಿ ಎಷ್ಟೋ ಪಾಲು ಗಟ್ಟಿ. ಆದರೂ ನಾವು ಸಿಟ್ಟಾಗೋದು ಇಲ್ಲೇ ಜಾಸ್ತಿ. ಪಣಕ್ಕಿಟ್ಟಿದ್ದು ಇಲ್ಲಿ ಮಕ್ಕಳ ಓದು, ಕೆಲಸ, ಮನೆ ಅನ್ನೋದು ಒಂದು ಕಾರಣ. ಇನ್ನೊಂದು ಕಾರಣ, ಬೇರೆಯವರಿಗೆ ಸಿಕ್ಕ ಅಣಬೆ ನಮಗೆ ಕಾಣುತ್ತೆ, ನಮಗೆ ಸಿಕ್ಕಿದ್ದು ಕಾಣಲ್ಲ.

ಕಾಣೋದು ಕಾಣದಿರೋದು ಅಂದಾಗ ಇನ್ನೊಂದು ವಿಷಯ ಹೇಳಬೇಕು. ಮಾರಿಯೋ ಕಾರ್ಟ್ 64ರಲ್ಲಿ ಪೆಟ್ಟಿಗೆಗಳ ಹೊರತಾಗಿ ಇನ್ನೊಂದು ಹೊಂದಾಣಿಕೆ ಇದೆ. ಒಬ್ಬರೇ ಕಂಪ್ಯೂಟರಿನ ಎದುರು ಆಡುವಾಗ ನೀವು ಎಷ್ಟೇ ಚೆನ್ನಾಗಿ ಓಡಿಸಿ ಮುಂದೆ ಹೋದರೂ ಹಿಂದಿನ ಗಾಡಿ ಅಸಹಜ ವೇಗದಲ್ಲಿ ಬಂದು ಬೆನ್ನಿಗೆ ಅಂಟಿಕೊಳ್ಳುತ್ತೆ. ಗೇಮ್ ಮಾಡುವವರು ಇದನ್ನು ರಬ್ಬರ್ ಬ್ಯಾಂಡಿಂಗ್ ಅಂತಾರೆ. ಹಾಸ್ಟೆಲಿನಲ್ಲಿ ನಮಗೆ ಅದರ ಹೆಸರು ಗೊತ್ತಿರಲಿಲ್ಲ, ಸಿಟ್ಟು ಮಾತ್ರ ಬರ್ತಿತ್ತು. ಪೆಟ್ಟಿಗೆಯ ಮೇಲೆ ಅಷ್ಟು ಸಿಟ್ಟು ಬರ್ತಿರಲಿಲ್ಲ. ಎರಡೂ ಹಿಂದಿನವನಿಗೆ ಸಹಾಯವೇ. ಆದರೆ ಪೆಟ್ಟಿಗೆ ರಸ್ತೆಯ ಮೇಲೇ ಇದೆ, ಎಲ್ಲರಿಗೂ ಒಂದೇ ನಿಯಮ, ನಾಳೆ ನಾನು ಕೊನೆಯವನಾದರೆ ನನಗೂ ಸಿಗುತ್ತೆ. ರಬ್ಬರ್ ಬ್ಯಾಂಡ್ ಕೋಡಿನ ಒಳಗೆ ಅಡಗಿದೆ. ಬಚ್ಚಿಟ್ಟ ನಿಯಮದ ಜೊತೆ ವಾದ ಮಾಡೋಕೂ ಆಗಲ್ಲ.

ಈಗ 8 ಡಿಲಕ್ಸ್‌ಗೆ ಬರೋಣ. ಅದರಲ್ಲಿ ಸ್ಮಾರ್ಟ್ ಸ್ಟೀರಿಂಗ್ ಅಂತ ಒಂದು ಸೌಲಭ್ಯ ಇದೆ. ಅದನ್ನು ಹಾಕಿಕೊಂಡರೆ ಗಾಡಿ ರಸ್ತೆಯ ಅಂಚು ದಾಟಿ ಬೀಳಲ್ಲ. ಬೀಳೋ ಹೊತ್ತಿಗೆ ತಾನೇ ಒಳಕ್ಕೆ ತಿರುಗುತ್ತೆ. ಚಿಕ್ಕ ಮಕ್ಕಳಿಗೆ, ಕೈ ಓಡದವರಿಗೆ ಇದು ವರ. ಆದರೆ ಅದು ಚಾಲೂ ಇದ್ದಾಗ ಗಾಡಿಯ ಹಿಂಭಾಗದಲ್ಲಿ ಒಂದು ಪುಟ್ಟ ಆಂಟೆನಾ ನಿಲ್ಲುತ್ತೆ. ಜೊತೆಗೆ ಆಡುವವರಿಗೆಲ್ಲ ಕಾಣೋ ಹಾಗೆ.

ನಮ್ಮ ಅಪಾರ್ಟ್‌ಮೆಂಟಿನ ಇನ್ನಿಬ್ಬರು ಮಕ್ಕಳು ಆಡೋಕೆ ಬಂದಿದ್ದ ದಿನ ಅಕ್ಕನ ಮಗಳು ಒಂದು ರೇಸ್ ಗೆದ್ದಳು. ಒಬ್ಬ ಹುಡುಗ ತಕ್ಷಣ ಅಂದ: “ಅವಳಿಗೆ ಆಂಟೆನಾ ಇದೆ, ಅದು ಗೆಲುವಲ್ಲ.” ಗೆಲುವು ಪರದೆಯ ಮೇಲಿತ್ತು, ಆದರೆ ಸೋಫಾದ ಮೇಲೆ ಅವಳು ಮತ್ತೆ ಲೆಕ್ಕಕ್ಕಿಲ್ಲದವಳಾದಳು. ಅವಳ ಮುಖ ನೋಡಿದಾಗ ನನಗೆ ನನ್ನ ಕಾಲೇಜಿನ ಮೊದಲ ವಾರ ನೆನಪಾಯ್ತು. ರ‍್ಯಾಂಕ್ ಎಷ್ಟು ಅಂತ ಕೇಳಿದವರು ಅದರ ಹಿಂದೆಯೇ ಇನ್ನೊಂದು ಪ್ರಶ್ನೆ ಕೇಳ್ತಿದ್ದರು: “ಯಾವ ಕೋಟಾ?”

ನನ್ನದು ಗ್ರಾಮೀಣ. ಕರ್ನಾಟಕದ ಸಿಇಟಿಯಲ್ಲಿ ಒಂದರಿಂದ ಹತ್ತರವರೆಗೆ ಹಳ್ಳಿಯಲ್ಲಿ ಓದಿದವರಿಗೆ ಶೇಕಡಾ 15 ಸೀಟು ಇದೆ, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇಕಡಾ 5. ಹಾವೇರಿ ಜಿಲ್ಲೆಯ ನಮ್ಮೂರಿನ ಸರ್ಕಾರಿ ಶಾಲೆ ಪ್ರಮಾಣಪತ್ರ ಕೊಟ್ಟಿತು, ನನಗೆ ಸೀಟು ಸಿಕ್ಕಿತು. ಅದರ ಜೊತೆಗೆ ರಿಯಾಯಿತಿ ಬಸ್ ಪಾಸು, ಹಾಸ್ಟೆಲಿನ ಊಟ. ಇಷ್ಟನ್ನೂ ನಾನು ಎಲ್ಲಿ ಬೇಕಾದರೂ ಹೇಳ್ತೀನಿ, ಯಾಕಂದರೆ ಅದು ಅರ್ಜಿಯಲ್ಲೇ ಬರೆದಿತ್ತು. ನನ್ನ ಆಂಟೆನಾ ಎಲ್ಲರಿಗೂ ಕಾಣ್ತಿತ್ತು.

ನನ್ನ ಪಕ್ಕದ ಬೆಂಚಿನವನದ್ದು ಕಾಣ್ತಿರಲಿಲ್ಲ. ಅವನ ಮನೆಯಲ್ಲಿ ಊಟದ ಹೊತ್ತಿಗೆ ಇಂಗ್ಲಿಷಿನಲ್ಲಿ ಮಾತಾಡ್ತಿದ್ದರು. ಪಿಯುಸಿಯ ಎರಡು ವರ್ಷ ಅವನಿಗೆ ಕೋಚಿಂಗ್ ಇತ್ತು. ಮೊದಲ ಸೆಮಿಸ್ಟರಿನಲ್ಲಿ ಫೇಲಾದರೆ ಏನು ಅನ್ನೋ ಭಯ ಅವನಿಗೆ ಇರಲಿಲ್ಲ. ಅವನು ಬುದ್ಧಿವಂತ, ಕಷ್ಟಪಟ್ಟು ಓದಿದವನು, ಒಳ್ಳೆಯವನು. ಇದು ಯಾವುದನ್ನೂ ನಾನು ಅಲ್ಲಗಳೆಯಲ್ಲ. ಅವನ ಗಾಡಿಯಲ್ಲೂ ಸ್ಮಾರ್ಟ್ ಸ್ಟೀರಿಂಗ್ ಇತ್ತು, ಆಂಟೆನಾ ಮಾತ್ರ ಬಾನೆಟ್ಟಿನ ಒಳಗಿತ್ತು ಅಂತಷ್ಟೇ ಹೇಳ್ತಿರೋದು. ಹಾಗೆ ನೋಡಿದರೆ ನನಗೂ ಒಳಗಿನ ಆಂಟೆನಾಗಳಿವೆ. ನಮ್ಮೂರಿನಲ್ಲಿ ನನ್ನ ಜೊತೆ ಓದಿದ ಹುಡುಗಿಯರು ಕೆಲವರು ನನಗಿಂತ ಚುರುಕು. ಏಳನೇ ಕ್ಲಾಸಿನ ಮೇಲೆ ಪಕ್ಕದೂರಿಗೆ ಬಸ್ಸಿನಲ್ಲಿ ಕಳಿಸೋಲ್ಲ ಅಂತ ಅವರ ಮನೆಯಲ್ಲಿ ನಿರ್ಧಾರವಾಯ್ತು. ನಾನು ಹುಡುಗ ಅನ್ನೋದು ಯಾವ ಅರ್ಜಿಯಲ್ಲೂ ಸೌಲಭ್ಯ ಅಂತ ಬರೆದಿರಲಿಲ್ಲ.

ಗೇಮಿನ ಸ್ಮಾರ್ಟ್ ಸ್ಟೀರಿಂಗ್‌ಗೆ ಒಂದು ಬೆಲೆ ಇದೆ. ಅದು ಬೀಳಗೊಡಲ್ಲ, ಆದರೆ ರಸ್ತೆ ಬಿಟ್ಟು ಹುಲ್ಲಿನ ಮೇಲೆ ಹಾದುಹೋಗೋ ಅಡ್ಡದಾರಿಗೂ ಬಿಡಲ್ಲ. ಸಹಾಯ ಬೇಕಂದರೆ ಸಾಹಸ ಬಿಡಬೇಕು. ಬದುಕಿನಲ್ಲಿ ಇದು ತಿರುಗುಮುರುಗು. ಕೆಲಸ ಬಿಟ್ಟು ಸ್ಟಾರ್ಟಪ್ ಮಾಡಿದ ನನ್ನ ಪರಿಚಯದವರಲ್ಲಿ ಹೆಚ್ಚಿನವರಿಗೆ ಬಿದ್ದರೆ ಹಿಡಿಯೋಕೆ ಅಪ್ಪನ ಮನೆ ಇತ್ತು. ಊರಿಗೆ ತಿಂಗಳು ತಿಂಗಳು ದುಡ್ಡು ಕಳಿಸುವವನು ಅಡ್ಡದಾರಿಯ ಕಡೆ ನೋಡೋದೇ ಇಲ್ಲ. ಬೇಲಿ ಇದ್ದವನು ಧೈರ್ಯವಂತ ಅನ್ನಿಸಿಕೊಳ್ತಾನೆ, ಬೇಲಿ ಇಲ್ಲದವನು ಪುಕ್ಕಲ ಅನ್ನಿಸಿಕೊಳ್ತಾನೆ. ಅಪ್ರೈಸಲ್‌ನಲ್ಲಿ ‘ರಿಸ್ಕ್ ತಗೊಳ್ಳಲ್ಲ’ ಅಂತ ಬರೆಯುವಾಗ ನಾವು ಬೇಲಿಯನ್ನು ಲೆಕ್ಕಕ್ಕೆ ಹಿಡಿಯೋದಿಲ್ಲ.

ಹಾಗಾದರೆ ಅಪ್ಪಟ ಸ್ವಂತ ಬಲ ಅನ್ನೋದು ಇಲ್ಲವೇ? ಮಾರಿಯೋ ಕಾರ್ಟ್ ಅದಕ್ಕೂ ಒಂದು ಜಾಗ ಕೊಟ್ಟಿದೆ: ಟೈಮ್ ಟ್ರಯಲ್. ಅಲ್ಲಿ ಪೆಟ್ಟಿಗೆಗಳಿಲ್ಲ, ನೀಲಿ ಚಿಪ್ಪಿಲ್ಲ, ಗಡಿಯಾರದ ಜೊತೆ ಮಾತ್ರ ಸ್ಪರ್ಧೆ. ದಾಖಲೆ ಮಾಡುವವರು ಸೆಕೆಂಡಿನ ನೂರನೇ ಭಾಗಕ್ಕಾಗಿ ವರ್ಷಗಟ್ಟಲೆ ಒದ್ದಾಡ್ತಾರೆ. ಅದು ನಿಜವಾದ ಕೌಶಲ, ನನಗೆ ಅದರ ಮೇಲೆ ಗೌರವ ಇದೆ. ಆದರೆ ಆ ರಸ್ತೆ ಖಾಲಿ. ಎಲ್ಲರಿಗೂ ಪ್ರಾರಂಭದಲ್ಲಿ ಸಿಗೋ ಅಣಬೆಗಳೂ ಒಂದೇ. ಹಾಗೆ ಖಾಲಿ ಮಾಡಿದ ರಸ್ತೆ, ಸಮ ಮಾಡಿದ ಆರಂಭ ಇಲ್ಲದ ಕಡೆ ‘ನಾನು ಸ್ವಂತ ಬಲದಿಂದ ಬಂದೆ’ ಅನ್ನೋದು ಅರ್ಧ ವಾಕ್ಯ.

ಇದೆಲ್ಲ ತರ್ಕಕ್ಕೆ ಚೆಂದ, ಕೆಲಸದ ಜಾಗದಲ್ಲಿ ಏನು ಮಾಡೋದು? ನಾನು ಈಗ ಇಂಟರ್‌ವ್ಯೂ ಪ್ಯಾನೆಲ್‌ನಲ್ಲಿ ಕೂರ್ತೀನಿ. ಹೋದ ವರ್ಷ ಸಣ್ಣ ಊರಿನ ಕಾಲೇಜಿನ ಹುಡುಗನೊಬ್ಬ ಬಂದಿದ್ದ. ಬರೆದ ಕೋಡ್ ಸರಿಯಾಗಿತ್ತು. ಯಾಕೆ ಹೀಗೆ ಬರೆದೆ ಅಂತ ಇಂಗ್ಲಿಷಿನಲ್ಲಿ ಕೇಳಿದರೆ ಮಾತು ನಿಂತುಹೋಗ್ತಿತ್ತು. ಕನ್ನಡದಲ್ಲಿ ಹೇಳು ಅಂದೆ. ಹೇಳಿದ, ಅಚ್ಚುಕಟ್ಟಾಗಿ. ಆಮೇಲೆ ಜೊತೆಯವರೊಬ್ಬರು ಆಕ್ಷೇಪಿಸಿದರು: ಇದು ಬೇರೆ ಅಭ್ಯರ್ಥಿಗಳಿಗೆ ಅನ್ಯಾಯ ಅಲ್ವಾ? ಆಕ್ಷೇಪ ನ್ಯಾಯವಾದದ್ದೇ, ಒಬ್ಬನಿಗೆ ಬಚ್ಚಿಟ್ಟು ಕೊಟ್ಟ ಸಹಾಯ ರಬ್ಬರ್ ಬ್ಯಾಂಡ್ ಆಗುತ್ತೆ. ಹಾಗಾಗಿ ನಾವಿಬ್ಬರೂ ಕೂತು ಒಂದು ಸಾಲು ಸೇರಿಸಿದೆವು. ಈಗ ಶುರುವಿನಲ್ಲೇ ಎಲ್ಲರಿಗೂ ಹೇಳ್ತೀವಿ: ವಿವರಣೆಯನ್ನು ಪ್ಯಾನೆಲ್‌ಗೆ ಬರೋ ಯಾವ ಭಾಷೆಯಲ್ಲಾದರೂ ಕೊಡಬಹುದು, ಅಂಕ ಕಡಿಮೆಯಾಗಲ್ಲ. ಇಂಗ್ಲಿಷ್ ಚೆನ್ನಾಗಿ ಬರುವವರಿಂದ ಇದು ಏನನ್ನೂ ಕಿತ್ತುಕೊಂಡಿಲ್ಲ. ಪೆಟ್ಟಿಗೆ ರಸ್ತೆಯ ಮೇಲಿದೆ, ಬೇಕಾದವರು ತಗೊಳ್ತಾರೆ.

ಇದರಿಂದ ಎಲ್ಲ ಸರಿಹೋಗಲಿಲ್ಲ. ಆ ಹುಡುಗ ಸೇರಿದ್ದಾನೆ, ಕ್ಲೈಂಟ್ ಕಾಲ್‌ಗಳು ಇಂಗ್ಲಿಷಿನಲ್ಲೇ ನಡೀತಾವೆ, ಅವನು ಅದನ್ನು ಕಲಿಯಲೇಬೇಕು, ಕಲೀತಿದ್ದಾನೆ. ಸಹಾಯ ಎಲ್ಲಿಯವರೆಗೆ ಇರಬೇಕು, ಯಾವಾಗ ತೆಗೆಯಬೇಕು ಅನ್ನೋ ಪ್ರಶ್ನೆಗೆ ನನ್ನ ಹತ್ತಿರ ಸೂತ್ರ ಇಲ್ಲ. ಅಕ್ಕನ ಮಗಳು ರಜೆಯ ಕೊನೇ ವಾರ ತಾನೇ ಮೆನುವಿಗೆ ಹೋಗಿ ಸ್ಮಾರ್ಟ್ ಸ್ಟೀರಿಂಗ್ ತೆಗೆದಳು, ನಾಲ್ಕು ಸಲ ಪ್ರಪಾತಕ್ಕೆ ಬಿದ್ದಳು, ಒಂದು ರೇಸಿಗೆ ಮತ್ತೆ ಹಾಕಿಕೊಂಡಳು, ಮತ್ತೆ ತೆಗೆದಳು. ತೆಗೆಯೋ ಬಟನ್ ಓಡಿಸುವವರ ಕೈಯಲ್ಲಿದ್ದದ್ದು ನನಗೆ ಸರಿ ಅನ್ನಿಸ್ತು. ಪಕ್ಕದಲ್ಲಿ ಕೂತವರ ಕೆಲಸ ಅದಕ್ಕಿಂತ ಸಣ್ಣದು: ಅವಳ ಗಾಡಿಯ ಆಂಟೆನಾ ತೋರಿಸೋ ಮುಂಚೆ ನಮ್ಮ ಗಾಡಿಯ ಹಿಂದೆ ಒಮ್ಮೆ ತಿರುಗಿ ನೋಡೋದು.